ಸೆಲ್ ಹಾಕಿ ನಡೆಸುವ ಕಂಪ್ಯೂಟರ್

ಸಿಂಧನೂರಿನಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಗೆ ಕಂಪ್ಯೂಟರುಗಳು ಬಂದದ್ದು 2003ರಲ್ಲಿ. ಆ ದಿನ ಹಬ್ಬದಂತೆಯೇ ಇತ್ತು. ಗಾಡಿಯಿಂದ ಪೆಟ್ಟಿಗೆಗಳನ್ನು ಇಳಿಸಿ, ಒಂದು ಕೋಣೆಗೆ ಸುಣ್ಣ ಬಳಿಸಿ, ಕಿಟಕಿಗೆ ಪರದೆ ಕಟ್ಟಿಸಿ, ಯಂತ್ರಗಳಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದೆವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕೆಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿದೆವು. ಹುಡುಗಿಯರು ಗುಡಿಯೊಳಗೆ ಹೋಗುವವರಂತೆ ಸದ್ದಿಲ್ಲದೆ ಹೋಗಿ, ಕಪ್ಪು ಪರದೆಯನ್ನು ನೋಡಿ, ಮುಟ್ಟದೆ ಹೊರಗೆ ಬಂದರು.

ಅದೇ ವಾರದಲ್ಲಿ ಕರೆಂಟು ಕೈಕೊಟ್ಟಿತು. ಬೇಸಿಗೆಯ ಹೊತ್ತು, ಬೆಳಿಗ್ಗೆ ಎರಡು ತಾಸು, ಮಧ್ಯಾಹ್ನ ಎರಡು ತಾಸು ಇಲ್ಲ. ಇದ್ದಾಗಲೂ ದೀಪ ಒಮ್ಮೆ ಉರಿದು ಒಮ್ಮೆ ಮಂಕಾಗುತ್ತಿತ್ತು. ಯಂತ್ರಗಳ ಜೊತೆ ಬಂದಿದ್ದ ಬ್ಯಾಟರಿಗಳು ಹತ್ತು ನಿಮಿಷ ಕಿರುಚಿ ಸುಮ್ಮನಾಗುತ್ತಿದ್ದವು. ಒಂದು ವರ್ಷದೊಳಗೆ ಆ ಬ್ಯಾಟರಿಗಳು ಸತ್ತವು, ದುರಸ್ತಿಯವರು ಬರಲಿಲ್ಲ, ಕೋಣೆಗೆ ಬೀಗ ಬಿತ್ತು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದಲೂ ಕಲ್ಲಿದ್ದಲು ಸುಟ್ಟು ಇಡೀ ರಾಜ್ಯಕ್ಕೆ ವಿದ್ಯುತ್ತು ಕಳಿಸುತ್ತಾರೆ. ದೀಪದ ಬುಡದಲ್ಲೇ ಕತ್ತಲು ಎಂಬ ಗಾದೆಗೆ ನಮಗಿಂತ ಬೇರೆ ಉದಾಹರಣೆ ಬೇಕಿರಲಿಲ್ಲ.

ಬೀಗ ಬೀಳುವ ಮೊದಲು ಒಂದು ದಿನ ಎಂಟನೆಯ ತರಗತಿಯವರನ್ನು ಆ ಕೋಣೆಗೆ ಕರೆದುಕೊಂಡು ಹೋಗಿದ್ದೆ. ಕುಳಿತು ಐದು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ಎಲ್ಲರೂ 'ಹೋ' ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್ರೇ, ರೇಡಿಯೋಕ್ಕ ಹಾಕ್ತೀವಲ್ರೀ, ಹಂಗ ಸೆಲ್ ಹಾಕಿ ನಡ್ಸೋ ಕಂಪ್ಯೂಟರ್ ಇರಂಗಿಲ್ಲೇನ್ರೀ?"

ನಾನು ನಕ್ಕುಬಿಟ್ಟೆ. "ಅದೇನು ಟಾರ್ಚೇನೆ ತಾಯಿ, ಸೆಲ್ ಹಾಕಿ ಒತ್ತೋದಕ್ಕೆ?" ಎಂದೆ. ಟೀಚರ್ ನಕ್ಕರೆ ತರಗತಿ ನಗದೆ ಇರುತ್ತದೆಯೇ? ಹುಡುಗಿ ಕುಳಿತಳು. ಆ ಮೇಲೆ ಆಕೆ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಒಂಬತ್ತನೆಯ ತರಗತಿ ಮುಗಿದ ಮೇಲೆ ಶಾಲೆಗೂ ಬರಲಿಲ್ಲ, ಮಸ್ಕಿಯ ಕಡೆ ಕೊಟ್ಟರು ಎಂದು ಸುದ್ದಿ ಬಂತು.

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಇತಿಹಾಸ ಮತ್ತು ಕನ್ನಡ. ಯಂತ್ರದ ಸಂಗತಿ ನನಗೆ ಗೊತ್ತಿಲ್ಲದ್ದು ತಪ್ಪಲ್ಲ. ಆದರೆ ಗೊತ್ತಿಲ್ಲದ್ದನ್ನು ನಗುವಿನಲ್ಲಿ ಮುಚ್ಚಿಕೊಂಡದ್ದು ತಪ್ಪು. ಆ ಹುಡುಗಿ ಕೇಳಿದ ಯಂತ್ರ ಆಗಲೇ ಇತ್ತು, ಅದೂ ನಮ್ಮ ರಾಜ್ಯದಲ್ಲೇ ಹುಟ್ಟಿತ್ತು ಎಂಬುದು ನನಗೆ ತಿಳಿದದ್ದು ಹತ್ತು ವರ್ಷ ಕಳೆದ ಮೇಲೆ.

2013ರ ಬೇಸಿಗೆ ರಜೆಗೆ ನನ್ನ ತಂಗಿಯ ಮಗಳು ಲಿಂಗಸುಗೂರಿಗೆ ಬಂದಿದ್ದಳು. ಬೆಂಗಳೂರಿನಲ್ಲಿ ಕೆಲಸ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅವಳ ಅಮ್ಮ "ಕಂಪ್ಯೂಟರ್" ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಆ ಹುಡುಗಿ ಚೀಲದಿಂದ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಹಸಿರು ಬಣ್ಣದ ಒಂದು ತಗಡಿನಂಥದ್ದನ್ನು ತೆಗೆದು ಟಿವಿಗೆ ಸಿಕ್ಕಿಸಿ, ಫೋನಿನ ಚಾರ್ಜರನ್ನು ಅದಕ್ಕೆ ಚುಚ್ಚಿದಳು. ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರ ಓಡಿ, ಸ್ವಲ್ಪ ಹೊತ್ತಿಗೆ ನಮ್ಮ ಶಾಲೆಯ ಕಂಪ್ಯೂಟರಿನಂಥದೇ ಚಿತ್ರ ಮೂಡಿತು. "ಇದು ರಾಸ್‌ಬೆರಿ ಪೈ ಅಂತ ದೊಡ್ಡವ್ವ. ಇದೂ ಕಂಪ್ಯೂಟರೇ. ಇದಕ್ಕೆ ಲಿನಕ್ಸ್ ಒಗ್ಗಿಸೋದು, ಇಂಥವೇ ಸಣ್ಣ ಸಣ್ಣ ಯಂತ್ರಕ್ಕೆ ಒಗ್ಗಿಸೋದು, ಅದೇ ನನ್ನ ಕೆಲಸ" ಎಂದಳು. ಎಷ್ಟು ಕರೆಂಟು ತಿನ್ನುತ್ತದೆ ಎಂದು ಕೇಳಿದೆ. ಎರಡು ಮೂರು ವ್ಯಾಟು ಎಂದಳು. ನಮ್ಮ ಶಾಲೆಯ ಒಂದೊಂದು ಯಂತ್ರ ಆ ದಪ್ಪ ಪರದೆಯ ಸಮೇತ ನೂರು, ನೂರೈವತ್ತು ವ್ಯಾಟು ಎಳೆಯುತ್ತಿತ್ತು. "ಸೆಲ್ ಹಾಕಿದರೆ ನಡೆಯುತ್ತದೆಯೇ?" ಎಂದೆ. "ಯಾಕೆ ನಡೆಯೋದಿಲ್ಲ?" ಎಂದಳು. ನಾನು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ.

ಆ ರಜೆಯಲ್ಲಿ ಅವಳು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದು ಯಂತ್ರದವರ ಇತಿಹಾಸ ಎಂದು ಪುಟ ತಿರುವಬೇಡಿ. ನಮ್ಮ ಅಡುಗೆಮನೆ ಬಲ್ಲವರಿಗೆ ಇದು ಕಷ್ಟದ ವಿಷಯವೇನಲ್ಲ.

ಮೊದಲು ಈ 'ಒಗ್ಗಿಸುವುದು' ಎಂದರೇನು ಎಂಬುದನ್ನು ನೋಡೋಣ. ಕಂಪ್ಯೂಟರಿನ ಒಳಗಿರುವ ಚಿಪ್ಪಿಗೆ ಅದರದೇ ಆದ ನುಡಿಯಿದೆ. ನಾವು ಹಿಂದೆ ಶಾಲೆಗಳಲ್ಲಿ ನೋಡುತ್ತಿದ್ದ ದೊಡ್ಡ ಕಂಪ್ಯೂಟರುಗಳ ಚಿಪ್ಪು ಇಂಟೆಲ್ ಕಂಪನಿಯ ನುಡಿಯದು. ಒಂದರ ನುಡಿ ಇನ್ನೊಂದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಒಂದರ ಮೇಲೆ ನಡೆಯುವ ಕೆಲಸವನ್ನು ಹಾಗೆಯೇ ಎತ್ತಿ ಇನ್ನೊಂದರ ಮೇಲೆ ಇಟ್ಟರೆ ನಡೆಯುವುದಿಲ್ಲ. ಆದರೆ ಮನುಷ್ಯರು ಬರೆದ ಮೂಲ ಬರಹ ಕೈಯಲ್ಲಿದ್ದರೆ ಅದನ್ನು ಬೇರೆ ಚಿಪ್ಪಿನ ನುಡಿಗೆ ಮತ್ತೆ ಇಳಿಸಬಹುದು. ಬೇಯಿಸಿದ ಅಡುಗೆ ಬೇರೆ, ಅಡುಗೆ ಮಾಡುವ ಕ್ರಮ ಬೇರೆ. ಬೆಂದ ಹೋಳಿಗೆಯನ್ನು ನೀವು ಕೊಟ್ಟರೆ ನಾನು ತಿನ್ನಬಹುದಷ್ಟೆ. ಮಾಡುವ ಕ್ರಮ ಹೇಳಿಕೊಟ್ಟರೆ ನನ್ನ ಒಲೆಗೆ, ನನ್ನ ಹೆಂಚಿಗೆ, ನಮ್ಮೂರಿನ ಬೇಳೆಗೆ ತಕ್ಕಂತೆ ತಿದ್ದಿಕೊಂಡು ಮಾಡಿಕೊಳ್ಳುತ್ತೇನೆ. ಬಹಳ ಕಂಪನಿಗಳು ಬೆಂದದ್ದನ್ನು ಮಾತ್ರ ಮಾರುತ್ತವೆ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್, ಮಾಡುವ ಕ್ರಮದ ಸಮೇತ ಎಲ್ಲರಿಗೂ ಸಿಕ್ಕಿತು. ಅದು ಮೊದಲು ಬೆಂದದ್ದು ಇಂಟೆಲ್‌ನ ಒಲೆಯ ಮೇಲೆ.

ಲಿನಕ್ಸ್ ಒಂದೇ ಇದ್ದರೆ ಹೊಟ್ಟೆ ತುಂಬುವುದಿಲ್ಲ. ಅದು ಬರೀ ರೊಟ್ಟಿ. ಹೊಲಕ್ಕೆ ಬುತ್ತಿ ಕಟ್ಟುವಾಗ ರೊಟ್ಟಿಯ ಜೊತೆ ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ ಎಲ್ಲ ಇಡುತ್ತೇವಲ್ಲ, ಹಾಗೆ ಬರೆಯುವ, ಓದುವ, ಲೆಕ್ಕ ಹಾಕುವ, ಚಿತ್ರ ತೋರಿಸುವ ಸಾವಿರಾರು ಸಾಮಾನುಗಳನ್ನು ಲಿನಕ್ಸಿನ ಜೊತೆ ಕಟ್ಟಿಕೊಟ್ಟದ್ದಕ್ಕೆ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ನಾನು ಬುತ್ತಿ ಎಂದೇ ಕರೆಯುತ್ತೇನೆ. ಇಂಥ ಬುತ್ತಿಗಳಲ್ಲಿ ಹಳೆಯದೊಂದು ಡೆಬಿಯನ್. 1993ರಲ್ಲಿ ಅದನ್ನು ಶುರು ಮಾಡಿದ ಇಯಾನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರನ್ನು ಮುಂದಿಟ್ಟು, ತನ್ನ ಹೆಸರನ್ನು ಹಿಂದಿಟ್ಟು ಆ ಹೆಸರು ಕಟ್ಟಿದ. ನಮ್ಮಲ್ಲಿ ಅಂಗಡಿಗಳಿಗೆ ಹೆಂಡತಿಯ ಹೆಸರಿಟ್ಟು ಗಲ್ಲೆಯ ಮೇಲೆ ತಾವು ಕೂಡುತ್ತಾರೆ. ಅಲ್ಲಿಯೂ ಅಷ್ಟೇ ಇರಬೇಕು.

ಇನ್ನು ಆರ್ಮ್ ಎಂಬ ಸಣ್ಣ ಚಿಪ್ಪಿನ ಕತೆ. ಅದು ಹುಟ್ಟಿದ್ದು ಒಂದು ಶಾಲೆಯ ಕಂಪ್ಯೂಟರಿನ ಮನೆಯಲ್ಲಿ ಎಂದು ತಿಳಿದಾಗ ನನಗೆ ಖುಷಿಯಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಎಂಬ ಕಂಪನಿಯಿತ್ತು. ಬಿಬಿಸಿಯವರು ಜನರಿಗೆ ಕಂಪ್ಯೂಟರ್ ಕಲಿಸುವ ಟಿವಿ ಕಾರ್ಯಕ್ರಮ ಮಾಡಿದಾಗ ಅದರ ಜೊತೆಗೆ ಬೇಕಾದ ಯಂತ್ರವನ್ನು 1981ರಲ್ಲಿ ಮಾಡಿಕೊಟ್ಟವರು ಅವರೇ. ಬ್ರಿಟನ್ನಿನ ಶಾಲೆಶಾಲೆಗೂ ಅದು ಹೋಯಿತು. ಮುಂದಿನ ಯಂತ್ರಕ್ಕೆ ಒಳ್ಳೆಯ ಚಿಪ್ಪು ಬೇಕಾಯಿತು. ಪೇಟೆಯಲ್ಲಿ ಸಿಗುವವು ಮನಸ್ಸಿಗೆ ಬರಲಿಲ್ಲ. 1983ರಲ್ಲಿ ಅಲ್ಲಿನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅಮೆರಿಕದ ಅರಿಜೋನಾದಲ್ಲಿ ಚಿಪ್ಪು ಮಾಡುವ ಒಂದು ಕಂಪನಿಯನ್ನು ನೋಡಲು ಹೋದರು. ದೊಡ್ಡ ಕಾರ್ಖಾನೆ ಇರುತ್ತದೆ ಎಂದುಕೊಂಡಿದ್ದರೆ ಅಲ್ಲಿದ್ದದ್ದು ಮನೆಯಂಥ ಕಟ್ಟಡ, ಕೆಲವೇ ಜನ, ಅವರಿಗೆ ಸಹಾಯಕ್ಕೆ ಶಾಲೆಯ ಹುಡುಗರು. ಇವರು ಮಾಡಬಹುದಾದರೆ ನಾವೂ ಮಾಡಬಹುದು ಎಂದುಕೊಂಡು ಇಬ್ಬರೂ ಹಿಂದಿರುಗಿದರು. ಚಿಪ್ಪಿನ ನುಡಿಯನ್ನು ಸೋಫಿ ವಿಲ್ಸನ್ ರೂಪಿಸಿದರು, ಒಳಗಿನ ಕಟ್ಟಡವನ್ನು ಫರ್ಬರ್ ಕಟ್ಟಿದರು.

ಕರೆಂಟು ಉಳಿಸಬೇಕೆಂಬುದು ಅವರ ಮೊದಲ ಯೋಚನೆಯಾಗಿರಲಿಲ್ಲ, ಹಣ ಉಳಿಸಬೇಕಾಗಿತ್ತು. ಚಿಪ್ಪು ಬಹಳ ಬಿಸಿಯಾದರೆ ಅದಕ್ಕೆ ಪಿಂಗಾಣಿಯ ಹೊದಿಕೆ ಬೇಕು, ಅದು ದುಬಾರಿ. ಒಂದು ವ್ಯಾಟಿನೊಳಗೆ ಇದ್ದರೆ ಅಗ್ಗದ ಪ್ಲಾಸ್ಟಿಕ್ಕೇ ಸಾಕು. ಆ ಹೆದರಿಕೆಯಲ್ಲಿ ಎಲ್ಲ ಕಡೆ ಕೈಬಿಗಿ ಹಿಡಿದು ಮಾಡಿದರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಕೈಗೆ ಬಂತು, ಅದೇ ದಿನ ನಡೆಯಿತು. ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಮೀಟರ್ ಹಚ್ಚಿ ನೋಡಿದರೆ ಸೊನ್ನೆ. ಹುಡುಕಿ ನೋಡಿದಾಗ ಚಿಪ್ಪಿಗೆ ಕರೆಂಟು ಕೊಡುವ ತಂತಿಯೇ ಸೇರಿರಲಿಲ್ಲವೆಂದು ತಿಳಿಯಿತು. ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದ ಅಷ್ಟಿಷ್ಟರಲ್ಲೇ ಅದು ಕೆಲಸ ಮಾಡುತ್ತಿತ್ತು! ನಮ್ಮ ಅವ್ವಂದಿರನ್ನು ನೋಡಿದವರಿಗೆ ಇದೇನು ಆಶ್ಚರ್ಯವಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದರಲ್ಲೇ ಇಡೀ ದಿನ ನಡೆಸಿದವರು ಅವರು. ಶಕ್ತಿನಗರದ ಮೊದಲ ಘಟಕ ಶುರುವಾದದ್ದೂ ಅದೇ 1985ರಲ್ಲಿ. ಒಂದು ಕಡೆ ಎಷ್ಟು ಸುಟ್ಟರೂ ಸಾಲದ ವಿದ್ಯುತ್ತು, ಇನ್ನೊಂದು ಕಡೆ ಸೋರಿದ್ದರಲ್ಲೇ ಬದುಕುವ ಚಿಪ್ಪು.

1990ರಲ್ಲಿ ಏಕಾರ್ನ್, ಆಪಲ್ ಮತ್ತು ಚಿಪ್ಪು ಮಾಡುವ ವಿಎಲ್‌ಎಸ್‌ಐ ಕಂಪನಿ ಸೇರಿ ಆರ್ಮ್ ಅನ್ನು ಬೇರೆ ಕಂಪನಿಯನ್ನಾಗಿ ಮಾಡಿದವು. 1994ರಲ್ಲಿ ರಸೆಲ್ ಕಿಂಗ್ ಎಂಬ ಇಂಗ್ಲೆಂಡಿನ ತರುಣ ತನ್ನ ಬಳಿಯಿದ್ದ ಏಕಾರ್ನ್ ಯಂತ್ರಕ್ಕೆ ಲಿನಕ್ಸನ್ನು ಒಗ್ಗಿಸತೊಡಗಿದ. ಮುಂದೆ ಹಲವು ವರ್ಷ ಆರ್ಮ್ ಲಿನಕ್ಸಿನ ಜವಾಬ್ದಾರಿ ಹೊತ್ತವನೂ ಅವನೇ. 2000ದ ಆಗಸ್ಟಿನಲ್ಲಿ ಡೆಬಿಯನ್ ಬುತ್ತಿಯೂ ಆರ್ಮ್‌ಗೆ ಬಂತು.

ಈ ಕೆಲಸದಲ್ಲಿ ಒಂದು ತೊಡಕಿದೆ. ಸಣ್ಣ ಯಂತ್ರ ಉಣ್ಣಬಲ್ಲದೇ ಹೊರತು ಅಷ್ಟೆಲ್ಲ ಅಡುಗೆ ಮಾಡುವ ಕಸುವು ಅದಕ್ಕಿಲ್ಲ. ಸಾವಿರಾರು ಸಾಮಾನನ್ನು ಅದರ ಮೇಲೇ ಸಿದ್ಧ ಮಾಡುತ್ತ ಕೂತರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನನ್ನ ತಂಗಿಯ ಮಗಳಿಗೆ ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದರೆ, "ನೀವು ಹೊಲದಾಗ ಒಲಿ ಹೂಡ್ತೀರೇನು ದೊಡ್ಡವ್ವ? ಮನ್ಯಾಗ ಮಾಡಿ ಬುತ್ತಿ ಕಟ್ಟಿ ಒಯ್ತೀರಿ. ಹಂಗೇ" ಎಂದಳು. ದೊಡ್ಡ ಕಂಪ್ಯೂಟರಿನ ಮೇಲೆ ಸಣ್ಣದರ ನುಡಿಯಲ್ಲಿ ಬೇಯಿಸಿ, ಒಯ್ದು ಇದರ ಮೇಲೆ ಇಡುತ್ತಾರೆ. ಆದರೆ ಮನೆಯಲ್ಲಿ ರುಚಿಯಾದದ್ದು ಹೊಲಕ್ಕೆ ಹೋಗುವಷ್ಟರಲ್ಲಿ ಹಳಸಿರಬಹುದು. ಇಟ್ಟು ನೋಡಬೇಕು, ಎಲ್ಲಿ ಕೆಟ್ಟಿತು ಎಂದು ಹುಡುಕಬೇಕು, ತಿದ್ದಿ ಮತ್ತೆ ಬೇಯಿಸಬೇಕು. ಅವಳ ದಿನವೆಲ್ಲ ಇದರಲ್ಲೇ ಹೋಗುತ್ತದಂತೆ. ಇದನ್ನೇ ಕೆಲಸ ಎನ್ನುವುದು ಎಂದು ಅವಳ ಅಮ್ಮನಿಗೆ ಹೇಳಿದೆ.

ಇತಿಹಾಸದವಳಾದ ನನಗೆ ಇದನ್ನು ಕೇಳುವಾಗ ಮಸ್ಕಿಯ ಬಂಡೆಯೇ ಕಣ್ಣಮುಂದೆ ಬಂತು. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಅಲ್ಲಿ ಅಶೋಕನ ಶಾಸನ ಕಂಡುಹಿಡಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಇದ್ದ ಶಾಸನ ಅದು. ಪ್ರತಿವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಆ ಅರಸನ ಮಾತು ಒಂದೇ, ಆದರೆ ಅದನ್ನು ಕೆತ್ತಿದ ಬಂಡೆಗಳು ಹಲವು. ನಮ್ಮ ಮಸ್ಕಿ, ಕೊಪ್ಪಳದ ಗವಿಮಠ, ಬ್ರಹ್ಮಗಿರಿಗಳಲ್ಲಿ ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ವಾಯವ್ಯದ ಶಹಬಾಜ್‌ಗಢಿಯಲ್ಲಿ ಖರೋಷ್ಠಿ ಲಿಪಿ. ಕಂದಹಾರದಲ್ಲಿ ಗ್ರೀಕ್ ಮತ್ತು ಅರಮೇಯಿಕ್ ಭಾಷೆಗಳು. ಬ್ರಹ್ಮಗಿರಿಯಲ್ಲಿ ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ವೃತ್ತಿಯ ಹೆಸರನ್ನು ಖರೋಷ್ಠಿಯಲ್ಲಿ ಕೆತ್ತಿ ಹೋಗಿದ್ದಾನೆ. ಮಾತು ಒಂದು ಕಡೆಯದು, ಬಂಡೆ ಇನ್ನೊಂದು ಕಡೆಯದು, ಎರಡನ್ನೂ ಕೂಡಿಸುವ ಕೈ ಮೂರನೆಯದು. ಅರಸನ ಹೆಸರು ಎಲ್ಲರಿಗೂ ಗೊತ್ತು. ಚಪಡನದು ಪರೀಕ್ಷೆಗೂ ಬರುವುದಿಲ್ಲ. ರಸೆಲ್ ಕಿಂಗ್‌ನಂಥವರೂ, ನನ್ನ ತಂಗಿಯ ಮಗಳಂಥವರೂ ಈ ಚಪಡನ ಬಳಗದವರು.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ವಿಚಾರ ಸಂಕಿರಣದಲ್ಲಿ ಬಡವರ ಕೈಗೆ ಎಟುಕುವ ಕಂಪ್ಯೂಟರ್ ಬೇಕು ಎಂಬ ಮಾತು ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ, ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮುಂತಾದವರೂ ಸೇರಿ 1999ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡರು. 2001ರ ಏಪ್ರಿಲ್‌ನಲ್ಲಿ ಯಂತ್ರದ ಮಾದರಿಯನ್ನು ಜನರ ಮುಂದಿಟ್ಟರು. ಹೆಸರು ಸಿಂಪ್ಯೂಟರ್: ಸರಳವಾದ, ಅಗ್ಗದ, ಬಹುಭಾಷೆಯ ಕಂಪ್ಯೂಟರ್ ಎಂಬ ಮಾತುಗಳನ್ನು ಕೂಡಿಸಿ ಮಾಡಿದ ಹೆಸರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಒಳಗೆ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್ ಆರ್ಮ್ ಚಿಪ್ಪು, ಅದರ ಮೇಲೆ ಲಿನಕ್ಸ್. ಕೀಲಿಮಣೆಯಿಲ್ಲ, ಕಡ್ಡಿಯಿಂದ ಪರದೆಯನ್ನು ಮುಟ್ಟಿ ಬರೆಯಬೇಕು. ಮತ್ತು ಅದು ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ!

ಲಿನಕ್ಸನ್ನೇ ಯಾಕೆ ಆರಿಸಿಕೊಂಡರು? ಒಂದೊಂದು ಯಂತ್ರಕ್ಕೂ ಹೊರಗಿನ ಕಂಪನಿಗೆ ಹಣ ಕಟ್ಟಬೇಕಾಗಿರಲಿಲ್ಲ. ಎರಡನೆಯದು, ಮಾಡುವ ಕ್ರಮ ಕೈಯಲ್ಲಿದ್ದುದರಿಂದ ಬೇಡದ್ದನ್ನು ಕಿತ್ತು ಸಣ್ಣ ಯಂತ್ರದ ಸಣ್ಣ ಹೊಟ್ಟೆಗೆ ಹಿಡಿಸುವಂತೆ ಮಾಡಬಹುದಾಗಿತ್ತು. ಮೂರನೆಯದು, ನಮ್ಮ ಭಾಷೆ ಸೇರಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ರಸೆಲ್ ಕಿಂಗ್ ಮತ್ತು ಜೊತೆಯವರು ಹಾಕಿಟ್ಟ ದಾರಿ ಇದ್ದುದರಿಂದ ಇವರು ಮೊದಲ ಹೆಜ್ಜೆಯಿಂದ ನಡೆಯಬೇಕಾಗಲಿಲ್ಲ. ಆ ದಾರಿಯ ಮೇಲೆ ಇವರು ಸೇರಿಸಿದ್ದು ನಮಗೆ ಬೇಕಾದದ್ದನ್ನು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಧ್ವನಿ ಎಂಬ ತಂತ್ರಾಂಶವನ್ನು ಕಟ್ಟಿದರು. ಓದು ಬಾರದವರೂ ಕೇಳಿ ತಿಳಿದುಕೊಳ್ಳಲಿ ಎಂದು ಯಂತ್ರ ಕನ್ನಡದಲ್ಲಿ ಮಾತಾಡಬೇಕಿತ್ತು. ಊರಿಗೆ ಒಂದು ಯಂತ್ರ ಇದ್ದರೂ ಸಾಕು, ಪ್ರತಿಯೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು. ಅದನ್ನು ಸಿಕ್ಕಿಸಿದರೆ ಅಷ್ಟು ಹೊತ್ತು ಯಂತ್ರ ಅವರದು. ಬಾವಿ ಒಂದೇ, ಕೊಡ ಅವರವರದು.

ಓದಿ ಹೇಳುವ ಯಂತ್ರ ಎಂಬ ಕಡೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ. ಅಪ್ಪ ತೀರಿಹೋದದ್ದು 1988ರಲ್ಲಿ. ಮಸ್ಕಿಯ ಹತ್ತಿರ ನಮಗಿದ್ದ ನಾಲ್ಕೆಕರೆ ಮಳೆಯ ಹೊಲ ಅಪ್ಪನ ಹೆಸರಿನಲ್ಲಿತ್ತು. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವ್ವ ಎಷ್ಟು ಸಲ ತಿರುಗಿದಳೋ ಲೆಕ್ಕವಿಲ್ಲ. ಆಗ ಪಹಣಿ ಎಂದರೆ ಕೈಬರಹದ ದಪ್ಪ ಪುಸ್ತಕ, ಅದು ಒಬ್ಬರ ಬಗಲಲ್ಲಿ ಇರುವುದು. ಊರಿನ ಹಿರಿಯರು ಆ ಹುದ್ದೆಯವರನ್ನು ನಿಜಾಮರ ಕಾಲದ ರೂಢಿಯಂತೆ ಪಟವಾರಿ ಎಂದೇ ಕರೆಯುತ್ತಿದ್ದರು. "ಆಗೇದ ಹೋಗವ್ವ" ಎಂದು ಒಮ್ಮೆ ಹೇಳಿ ಕಳಿಸಿದರು, ಅವ್ವ ನಂಬಿ ಬಂದಳು. ಎರಡು ವರ್ಷದ ಮೇಲೆ ನಾನು ಹೋಗಿ ಓದಿ ನೋಡಿದರೆ ದೊಡ್ಡಪ್ಪನ ಮಗನ ಹೆಸರು ಸೇರಿತ್ತು. ಅದನ್ನು ತೆಗೆಸಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಅವ್ವ ಅದಕ್ಕೆ ಅತ್ತದ್ದನ್ನು ನಾನು ನೋಡಲಿಲ್ಲ. "ಅವತ್ತ ಆ ಕಾಗದ ನನಗ ಯಾರರ ಓದಿ ಹೇಳಿದ್ರ ಸಾಕಿತ್ತು" ಎಂದು ಮಾತ್ರ ಹೇಳುತ್ತಿದ್ದಳು.

ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದದ್ದು ಈ ಕಷ್ಟಕ್ಕೇ. ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. 2002ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಹಣಿ ಪಡೆಯಬಹುದಾಯಿತು, ಕೈಬರಹದ್ದು ನಡೆಯದಾಯಿತು. ಈ ಭೂದಾಖಲೆಯ ಕೆಲಸಕ್ಕೆ ಹೊಲದಲ್ಲೇ ಮಾಹಿತಿ ತುಂಬಿಕೊಳ್ಳಲು ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನು ಪ್ರಯೋಗಕ್ಕೆ ತೆಗೆದುಕೊಂಡಿತ್ತು. ಸಣ್ಣ ಯಂತ್ರ ಮತ್ತು ಪಹಣಿ ಒಂದು ಕಡೆ ಸೇರಿದ್ದವು. ಅದು ನಮ್ಮ ಊರುಗಳಿಗೆ ಬಂದಿದ್ದರೆ, ಅವ್ವನಂಥವರಿಗೆ ಅವರ ಹೊಲದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುತ್ತಿತ್ತು.

ಬರಲಿಲ್ಲ. 2001ರಲ್ಲಿ ನ್ಯೂಯಾರ್ಕಿನ ಪತ್ರಿಕೆಯವರೆಗೂ ಸಿಂಪ್ಯೂಟರಿನ ಹೊಗಳಿಕೆ ಹೋಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ, ಆ ಅಧ್ಯಾಪಕರೇ ಕಟ್ಟಿದ್ದ ಪಿಕೊಪೆಟಾ ಕಂಪನಿಯೂ ಸೇರಿ ಅಮಿಡಾ ಎಂಬ ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದವು. ಕೈಯಲ್ಲಿ ಹಿಡಿದು ಅಲುಗಿಸಿದರೆ ಪುಟ ತಿರುಗುವ ಗುಣವೂ ಅದಕ್ಕಿತ್ತು. ಅಂಥ ಗುಣ ನಮ್ಮ ಫೋನುಗಳಿಗೆ ಬಂದದ್ದು ಆಮೇಲೆ. ಆದರೆ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತಿತ್ತು, ಬಣ್ಣದ ಪರದೆ ಬೇಕೆಂದರೆ ಇನ್ನೂ ಹೆಚ್ಚು. ಹೆಚ್ಚು ಮಾಡಿದರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಹೆಚ್ಚು ಕೊಳ್ಳುತ್ತಾರೆ. ಈ ಸುತ್ತಿನ ಮೊದಲ ತಿರುವನ್ನು ಯಾರಾದರೂ ದೊಡ್ಡವರು ತಿರುಗಿಸಬೇಕಾಗಿತ್ತು, ತಿರುಗಿಸಲಿಲ್ಲ. 50,000 ಮಾರುವ ಆಸೆಯಿತ್ತು, 2005ರವರೆಗೆ ಮಾರಾಟವಾದದ್ದು 4,000ದ ಸುತ್ತಮುತ್ತ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಯಿತು. ಮೈಸೂರಿನ ಸಂಘಮಿತ್ರಾ ಎಂಬ ಸಾಲ ಕೊಡುವ ಸಂಸ್ಥೆಯಂಥ ಕೆಲವು ಕಡೆ ಕೆಲಸ ಮಾಡಿ, ಸಿಂಪ್ಯೂಟರ್ ಹಿಂದೆ ಸರಿಯಿತು. ಅದನ್ನು ಸೋತಿತು ಎನ್ನುವವರಿದ್ದಾರೆ. ನನಗೆ ಅದು ಬೇಗ ಬಂದ ಮಳೆಯಂತೆ ಕಾಣುತ್ತದೆ. ಬಿತ್ತುವವರು ಇನ್ನೂ ಹೊಲ ಹದ ಮಾಡಿರಲಿಲ್ಲ.

ಹನ್ನೊಂದು ವರ್ಷ ತಡವಾಗಿ, 2012ರ ಫೆಬ್ರುವರಿ 29ರಂದು ಇಂಗ್ಲೆಂಡಿನಿಂದ ರಾಸ್‌ಬೆರಿ ಪೈ ಬಂತು. ಮಕ್ಕಳಿಗೆ ಕಂಪ್ಯೂಟರಿನ ಒಳಗು ತಿಳಿಯಲಿ ಎಂದೇ ಮಾಡಿದ್ದು. ಬೆಲೆ 35 ಡಾಲರ್. ಅದರ ಚಿಪ್ಪು ಸ್ವಲ್ಪ ಹಳೆಯ ಕಾಲದ ಆರ್ಮ್. ದಶಾಂಶ ಲೆಕ್ಕ ಮಾಡುವ ಒಂದು ಭಾಗ ಅದರಲ್ಲಿತ್ತು, ಆದರೆ ಡೆಬಿಯನ್‌ನ ಹಳೆಯ ಆರ್ಮ್ ಬುತ್ತಿ ಅದನ್ನು ಬಳಸಿಕೊಳ್ಳುತ್ತಿರಲಿಲ್ಲ. ಹೊಸ ಬುತ್ತಿಗೆ ಇನ್ನೂ ಹೊಸ ಚಿಪ್ಪೇ ಬೇಕಿತ್ತು. ನಡುವೆ ಸಿಕ್ಕಿಬಿದ್ದ ಈ ಸಣ್ಣ ಯಂತ್ರಕ್ಕಾಗಿ ಮೈಕ್ ಥಾಂಪ್ಸನ್ ಮತ್ತು ಪೀಟರ್ ಗ್ರೀನ್ ಎಂಬಿಬ್ಬರು ಎಲ್ಲವನ್ನೂ ಮತ್ತೆ ಬೇಯಿಸಲು ನಿಂತರು. ಕೆಲವು ಆರ್ಮ್ ಹಲಗೆಗಳನ್ನು ಸಾಲಾಗಿ ಜೋಡಿಸಿಕೊಂಡು, 2012ರ ಜೂನ್ ಹೊತ್ತಿಗೆ 35,000ಕ್ಕೂ ಹೆಚ್ಚು ಸಾಮಾನುಗಳ ಬುತ್ತಿ ಕಟ್ಟಿದರು. ಅದೇ ರಾಸ್ಬಿಯನ್. ನಮ್ಮ ಟಿವಿಯ ಮೇಲೆ ಮೂಡಿದ್ದು ಅದೇ. ಮುಂದೆ ಹತ್ತಾರು ಲಕ್ಷ ಮಕ್ಕಳು ಆ ಬುತ್ತಿ ಉಂಡರು.

ಇನ್ನೊಂದು ಕಡೆಯಿಂದ ಆಂಡ್ರಾಯ್ಡ್ ಬಂತು, 2008ರಲ್ಲಿ. ನಿಮ್ಮ ಸೆರಗಿನ ಮರೆಯಲ್ಲಿ, ಪರ್ಸಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಇರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದು ಲಿನಕ್ಸೇ. ಹೆಚ್ಚುಕಡಿಮೆ ಎಲ್ಲದರ ಚಿಪ್ಪೂ ಆರ್ಮ್ ನುಡಿಯದೇ. ಸೋಫಿ ವಿಲ್ಸನ್ ರೂಪಿಸಿದ ನುಡಿಯ ವಂಶವನ್ನು ನಾವು ದಿನವೂ ಹಿಟ್ಟಿನ ಕೈಯಲ್ಲಿ ಮುಟ್ಟುತ್ತಿದ್ದೇವೆ.

ಎರಡು ವರ್ಷದ ಹಿಂದೆ ಮಕ್ಕಳನ್ನು ಅಶೋಕನ ಶಾಸನ ತೋರಿಸಲು ಮಸ್ಕಿಗೆ ಕರೆದುಕೊಂಡು ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಬಂದು ಕಾಲು ಮುಟ್ಟಿ, "ಗುರ್ತು ಸಿಗಲಿಲ್ಲೇನ್ರೀ ಟೀಚರ್ರೇ?" ಎಂದಳು. ಸಿಗಲಿಲ್ಲ. ಹೆಸರು ಹೇಳಿದ ಮೇಲೆ ಸಿಕ್ಕಿತು. ಹಿಂದಿನ ಸಾಲಿನ ಅದೇ ಹುಡುಗಿ. ಮಗ ಎಂಟನೆಯ ತರಗತಿ ಎಂದಳು. ಗಂಡ ತೀರಿಹೋಗಿ ಮೂರು ವರ್ಷ. ಕೈಯಲ್ಲಿ ಫೋನಿತ್ತು. ಬೆಳೆ ಸಮೀಕ್ಷೆಗೆ ಹೊಲದ ಫೋಟೋ ತಾನೇ ತೆಗೆದು ಏರಿಸುತ್ತಾಳಂತೆ. ಅಕ್ಕಪಕ್ಕದ ಹೊಲದವರಿಗೂ ಮಾಡಿಕೊಡುತ್ತಾಳಂತೆ. ರೈತರೇ ಹೀಗೆ ಫೋನಿನಲ್ಲಿ ತಮ್ಮ ಬೆಳೆಯನ್ನು ದಾಖಲಿಸುವ ಪದ್ಧತಿ ನಮ್ಮ ರಾಜ್ಯದಲ್ಲಿ 2020ರಲ್ಲಿ ಬಂತು. ಸಿಂಪ್ಯೂಟರಿನಿಂದ ಯಾವ ಕೆಲಸ ಆಗಲಿ ಎಂದು ಹಾರೈಸಿದ್ದರೋ ಆ ಕೆಲಸವನ್ನು ನನ್ನ ಶಿಷ್ಯೆ ಹತ್ತಿಯ ಹೊಲದಲ್ಲಿ ನಿಂತು ಮಾಡುತ್ತಿದ್ದಳು.

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಆಕೆಗೆ ಹೇಳಬೇಕಾದ ಉತ್ತರ ಹೇಳಿದೆ. ನೀನು ಕೇಳಿದ ಯಂತ್ರ ಆಗಲೇ ಇತ್ತು, ನನಗೆ ಗೊತ್ತಿರಲಿಲ್ಲ, ನಾನು ನಗಬಾರದಾಗಿತ್ತು ಎಂದೆ. ಈಗ ನಿನ್ನ ಕೈಯಲ್ಲಿರುವುದೂ ಅದೇ ಎಂದೆ. ಆಕೆ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಹೌದೇನ್ರೀ?" ಎಂದಳು. ಆ ನಗು ಆಕೆಗೂ ನೆನಪಿತ್ತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು, ಬಾಯಿಂದ ಹೇಳಲಿಲ್ಲ.

ಹೊಲದ ಪಹಣಿ ನಿನ್ನ ಹೆಸರಿಗೆ ಆಗಿದೆಯೇ ಎಂದು ಕೇಳಿದೆ. ಇಲ್ಲವಂತೆ. ಇನ್ನೂ ಗಂಡನ ಹೆಸರಲ್ಲೇ ಇದೆ, ಮೈದುನಂದಿರು ಆಮೇಲೆ ನೋಡೋಣ ಅನ್ನುತ್ತಿದ್ದಾರೆ. ಫೋನಿನಲ್ಲಿ ಪಹಣಿ ತೆಗೆದು ತೋರಿಸಿದಳು. ಸ್ವಚ್ಛವಾದ ಕನ್ನಡ ಅಕ್ಷರ. ಆಕೆಗೆ ಓದು ಬರುತ್ತದೆ, ಓದಿಯೂ ತೋರಿಸಿದಳು. ಅದರಲ್ಲಿ ಆಕೆಯ ಹೆಸರಿರಲಿಲ್ಲ. ಪೌತಿ ಖಾತೆಗೆ ಅರ್ಜಿ ಕೊಡಬೇಕು, ಗಂಡನ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು ಎಂದು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅದಕ್ಕ ಯಾವ ಸೆಲ್ ಹಾಕಬೇಕ್ರೀ ಟೀಚರ್ರೇ?"

ಈ ಸಲ ನಾನು ನಗಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮತ್ತೆ ಮಸ್ಕಿಗೆ ಹೋಗಿ, ಇಬ್ಬರೂ ಕುಳಿತು ಅರ್ಜಿ ತುಂಬಿದೆವು. ಕಾಗದ ಒಂದೊಂದಾಗಿ ಕೂಡಿಸಲು ಎರಡು ತಿಂಗಳು ಹಿಡಿಯಿತು. ಆಕೆಯೇ ಹೋಗಿ ಅರ್ಜಿ ಕೊಟ್ಟು ಬಂದು, ಸ್ವೀಕೃತಿಯ ಚೀಟಿಯ ಫೋಟೋ ನನಗೆ ಕಳಿಸಿದಳು. ಅದು ಇನ್ನೂ ಆಗಿಲ್ಲ. ಮೈದುನಂದಿರ ತಕರಾರಿದೆ. ನನ್ನ ಅವ್ವನಿಗೆ ಆರು ವರ್ಷ ಬೇಕಾಯಿತು ಎಂಬುದನ್ನು ಆಕೆಗೆ ನಾನು ಹೇಳಿಲ್ಲ. ಆಕೆಯ ಮಗ ಮಾತ್ರ ರಜೆಯಲ್ಲಿ ನಮ್ಮ ಮನೆಗೆ ಬಂದು, ನನ್ನ ತಂಗಿಯ ಮಗಳು ಬಿಟ್ಟುಹೋದ ಆ ಹಸಿರು ಹಲಗೆಯನ್ನು ಟಿವಿಗೆ ಸಿಕ್ಕಿಸಿಕೊಂಡು ಕುಳಿತಿರುತ್ತಾನೆ. ಪ್ರಶ್ನೆ ಬಹಳ ಕೇಳುತ್ತಾನೆ. ಗೊತ್ತಿದ್ದದ್ದನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಬೆಂಗಳೂರಿಗೆ ಫೋನು ಮಾಡಿ ಕೇಳುತ್ತೇನೆ.